5ಜಿಗೆ ಈಗ್ಲೇ ಹೋಗ್ಬೇಕಾ, ಕಾಯ್ಬೇಕಾ? ಒಂದು ಬಿಕಾಂ ಲೆಕ್ಕ

1/9

ನಿಮ್ಮ ಫೋನ್ ಚೆನ್ನಾಗೇ ಇದೆ. ಸ್ಕ್ರೀನ್ ಒಡೆದಿಲ್ಲ, ಕ್ಯಾಮೆರಾ ಪರವಾಗಿಲ್ಲ, ವಾಟ್ಸಾಪ್ ಓಡುತ್ತೆ. ಒಂದೇ ಕೊರತೆ ಅಂದ್ರೆ ಮೇಲೆ ಮೂಲೆಯಲ್ಲಿ 4ಜಿ ಅಂತ ತೋರಿಸುತ್ತೆ. ಪಕ್ಕದ ಬೆಂಚಿನವನದ್ದು 5ಜಿ ತೋರಿಸುತ್ತೆ. ಅಷ್ಟಕ್ಕೇ ನಮ್ಮ ಫೋನ್ ಇದ್ದಕ್ಕಿದ್ದ ಹಾಗೆ ಹಳೇದಾಗಿ ಕಾಣೋಕೆ ಶುರುವಾಗುತ್ತೆ. ರೀಚಾರ್ಜ್ ಅಂಗಡಿಯವನೂ ಬಿಡಲ್ಲ, "ಏನ್ರೀ, ಇನ್ನೂ 4ಜಿನಾ?" ಅಂತಾನೆ.

ನಿಮ್ಮಲ್ಲಿ ತುಂಬಾ ಜನ ಡಿಎಂನಲ್ಲಿ ಇದೇ ಕೇಳಿದ್ರಿ. ಈಗ್ಲೇ 5ಜಿ ಫೋನ್ ತಗೊಳ್ಳೋದಾ, ಇರೋದು ಸಾಯೋವರೆಗೆ ಕಾಯೋದಾ? ನನಗೂ ಇದು ಬರೀ ಚರ್ಚೆಯ ವಿಷಯ ಆಗಿರಲಿಲ್ಲ ಮಾರಾಯ್ರೇ. ಶಿವಮೊಗ್ಗದಲ್ಲಿ ಕಾಲೇಜ್ ಮುಗಿಸಿ ಸಂಜೆ ಐದರಿಂದ ಎಂಟರವರೆಗೆ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಲ್ಲಿ ಟ್ಯಾಲಿಗೆ ಬಿಲ್ ಎಂಟ್ರಿ ಹೊಡೀತೀನಿ. ಎಂಟು ತಿಂಗಳಲ್ಲಿ ಖರ್ಚು ಕಳೆದು ಕೈಯಲ್ಲಿ ಉಳಿದಿದ್ದು 16,000 ರೂಪಾಯಿ. ಒಂದು ಸುಮಾರಾದ 5ಜಿ ಫೋನಿಗೆ ಸರಿಯಾಗಿ ಸಾಕಾಗೋ ದುಡ್ಡು. ಎರಡನೇ ಸಲ ಅಷ್ಟು ಸೇರಿಸೋಕೆ ಇನ್ನೂ ಎಂಟು ತಿಂಗಳು ಬೇಕು.

ಹಾಗಾಗಿ ಅಂಗಡಿಗೆ ಹೋಗೋ ಮೊದಲು ಒಂದು ನೋಟ್‌ಬುಕ್ ಹಾಳೆ ತಗೊಂಡು ಲೆಕ್ಕ ಹಾಕಿದೆ. ಆ ಹಾಳೆಯನ್ನೇ ಇಲ್ಲಿ ಒಂಬತ್ತು ಪೋಸ್ಟಲ್ಲಿ ಬಿಡಿಸಿ ಹೇಳ್ತೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/9

ಮೊದಲು ವಿಷಯ ಏನು ಅಂತ ನೋಡೋಣ. ನಮ್ಮ ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆ ಜುಲೈ ಕೊನೆಯಲ್ಲಿ ತರಂಗಾಂತರದ ಹರಾಜು ನಡೆದು, ಕಂಪನಿಗಳು ಒಟ್ಟು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಬಿಡ್ ಹಾಕಿದ್ವು. ಏರ್‌ಟೆಲ್ ಶುರು ಮಾಡಿದ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ಜಿಯೋ ಅದೇ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ವಿಐ ಮುಂಬೈನಲ್ಲಿ ಶುರು ಮಾಡಿದ್ದೇ 2025ರಲ್ಲಿ.

ಈ 1.5 ಲಕ್ಷ ಕೋಟಿಯನ್ನ ಬಿಕಾಂ ಕಣ್ಣಿಂದ ನೋಡಿ. ಅಷ್ಟು ದುಡ್ಡು ಹಾಕಿದವರಿಗೆ ಅದು ವಾಪಸ್ ಬರಬೇಕು. ಬರೋದು ನಮ್ಮ ರೀಚಾರ್ಜ್‌ನಿಂದಲೇ. ಇದರಲ್ಲಿ ಮೋಸ ಏನಿಲ್ಲ, ವ್ಯಾಪಾರ ಅಂದ್ರೇ ಹಾಗೆ. ಆದ್ರೆ "ಬೇಗ ಬನ್ನಿ, ಬೇಗ ಬನ್ನಿ" ಅನ್ನೋ ಜಾಹೀರಾತು ಯಾರ ಅವಸರ ಅಂತ ಗೊತ್ತಿರಬೇಕು. ಅವಸರ ಅವರದ್ದು. ನಮಗೆ ಅವಸರ ಇದ್ಯಾ ಅನ್ನೋದು ಬೇರೆ ಪ್ರಶ್ನೆ.

2024ರ ಜುಲೈ 3ರಿಂದ ಜಿಯೋ ದರ ಏರಿಸಿತು. ದಿನಕ್ಕೆ 1.5 ಜಿಬಿ ಕೊಡೋ 28 ದಿನದ ಪ್ಲಾನ್ 239ರಿಂದ 299 ಆಯ್ತು. 2 ಜಿಬಿಯದ್ದು 299ರಿಂದ 349 ಆಯ್ತು. ಜೊತೆಗೆ ಒಂದು ಷರತ್ತು ಬಂತು, ಅನ್‌ಲಿಮಿಟೆಡ್ 5ಜಿ ಬೇಕು ಅಂದ್ರೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನೇ ಹಾಕಿಸಬೇಕು. ಅಂದ್ರೆ 5ಜಿ ಖರ್ಚು ಫೋನ್ ತಗೊಂಡ ದಿನಕ್ಕೆ ಮುಗಿಯಲ್ಲ, 28 ದಿನಕ್ಕೊಮ್ಮೆ ಬಾಗಿಲು ತಟ್ಟುತ್ತೆ.

3/9

ಈಗ ಸ್ಪೀಡ್ ವಿಷಯ. ಎಲ್ಲರೂ "300 ಎಂಬಿಪಿಎಸ್ ಬರುತ್ತೆ ಗುರು" ಅಂತ ಸ್ಕ್ರೀನ್‌ಶಾಟ್ ಹಾಕ್ತಾರೆ. ಬರುತ್ತೆ, ಸುಳ್ಳಲ್ಲ. ಆದ್ರೆ ಅಷ್ಟು ಸ್ಪೀಡಲ್ಲಿ ಮಾಡೋಕೆ ನಮ್ಮ ಹತ್ರ ಕೆಲಸ ಇದ್ಯಾ?

ಯೂಟ್ಯೂಬ್ 1080ಪಿ ವಿಡಿಯೋ ನೋಡೋಕೆ 5 ಎಂಬಿಪಿಎಸ್ ಸಾಕು ಅಂತ ಯೂಟ್ಯೂಬೇ ಹೇಳುತ್ತೆ. 4ಕೆ ನೋಡೋಕೆ 20. ನಮ್ಮ ಆರೂವರೆ ಇಂಚಿನ ಸ್ಕ್ರೀನಲ್ಲಿ 4ಕೆಗೂ 1080ಪಿಗೂ ವ್ಯತ್ಯಾಸ ಕಾಣೋ ಕಣ್ಣು ನನಗಂತೂ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. 2 ಜಿಬಿ ಅಂದ್ರೆ 16,000 ಮೆಗಾಬಿಟ್. 300 ಎಂಬಿಪಿಎಸ್‌ನಲ್ಲಿ ಅದು ಇಳಿಯೋಕೆ 53 ಸೆಕೆಂಡ್ ಸಾಕು. ಅದೇ 2 ಜಿಬಿಯನ್ನ 5 ಎಂಬಿಪಿಎಸ್ ವಿಡಿಯೋ ರೂಪದಲ್ಲಿ ಕೂತು ನೋಡೋಕೆ 53 ನಿಮಿಷ ಬೇಕು. ಪೈಪ್ ಅರವತ್ತು ಪಟ್ಟು ದೊಡ್ಡದಾಯ್ತು, ಕುಡಿಯೋ ಬಾಯಿ ಅಷ್ಟೇ ಇದೆ.

ಹಾಗಂತ ಸ್ಪೀಡ್ ಸುಮ್ನೆ ಅಂತಲ್ಲ. ನೀವು ಇಳಿಸೋದಕ್ಕಿಂತ ಏರಿಸೋದೇ ಜಾಸ್ತಿ ಇದ್ರೆ ಕಥೆ ಬೇರೆ, ಅದನ್ನ 7ನೇ ಪೋಸ್ಟಲ್ಲಿ ಹೇಳ್ತೀನಿ. ಗಿಜಿಗಿಜಿ ಜನ ಇರೋ ಕಡೆ, ಜಾತ್ರೆ, ಕ್ರಿಕೆಟ್ ಮ್ಯಾಚ್, ಕಾಲೇಜ್ ಫೆಸ್ಟಲ್ಲಿ, 4ಜಿ ಉಸಿರುಗಟ್ಟಿದಾಗ 5ಜಿ ಆರಾಮಾಗಿ ಓಡೋದನ್ನ ನಾನೇ ನೋಡಿದೀನಿ. ಅಲ್ಲಿ ಅದರ ಉಪಯೋಗ ನಿಜ. ಪ್ರಶ್ನೆ ಏನಂದ್ರೆ, ವರ್ಷದಲ್ಲಿ ಎಷ್ಟು ದಿನ ನೀವು ಅಂಥ ಗುಂಪಲ್ಲಿ ಇರ್ತೀರಾ?

4/9

"ನನ್ನ ಫೋನ್ ಸ್ಲೋ" ಅಂತೀವಲ್ಲ, ಆ ಮಾತಲ್ಲಿ ನಾಲ್ಕು ಬೇರೆ ಬೇರೆ ಸ್ಲೋಗಳಿವೆ. ಬಿಡಿಸಿ ನೋಡಿ.

ಒಂದು, ಫೋನೇ ಸ್ಲೋ. ಪರೀಕ್ಷೆ ಸುಲಭ. ಒಳ್ಳೆ ವೈಫೈ ಇರೋ ಕಡೆ ಕೂತು ಅದೇ ಆ್ಯಪ್ ತೆಗೀರಿ. ಅಲ್ಲೂ ತಿರುಗ್ತಾ ಇದ್ರೆ ತಪ್ಪು ನೆಟ್‌ವರ್ಕ್‌ನದ್ದಲ್ಲ. ಸ್ಟೋರೇಜ್ ತುಂಬಿರುತ್ತೆ, ಇಲ್ಲಾ ರ‍್ಯಾಮ್ ಕಡಿಮೆ. ಮೂರು ವರ್ಷದ "ಗುಡ್ ಮಾರ್ನಿಂಗ್" ಫೋಟೋಗಳನ್ನ ಅಳಿಸಿದ್ರೆ ಅರ್ಧ ಕಾಯಿಲೆ ವಾಸಿ.

ಎರಡು, ಆ ಕಡೆಯ ಸರ್ವರ್ ಸ್ಲೋ. ರಿಸಲ್ಟ್ ದಿನ ಎಲ್ಲರೂ ಒಟ್ಟಿಗೆ ವೆಬ್‌ಸೈಟ್‌ಗೆ ನುಗ್ಗಿದಾಗ 5ಜಿಯವನಿಗೂ ಅದೇ ಬಿಳಿ ಪರದೆ, 4ಜಿಯವನಿಗೂ ಅದೇ. ಕ್ಯಾಂಟೀನಲ್ಲಿ ಯುಪಿಐ ತಿರುಗ್ತಾ ನಿಂತ್ರೆ ಎಷ್ಟೋ ಸಲ ಅದು ಬ್ಯಾಂಕ್ ಕಡೆಯ ತೊಂದರೆ. ಒಂದು ಪೇಮೆಂಟ್‌ಗೆ ಬೇಕಾಗೋ ಡೇಟಾ ಒಂದು ಫೋಟೋಗಿಂತಲೂ ಕಡಿಮೆ.

ಮೂರು, ಪ್ಲಾನ್ ಸ್ಲೋ. ದಿನದ 1.5 ಜಿಬಿ ಮಧ್ಯಾಹ್ನಕ್ಕೇ ಮುಗಿಸಿದ್ರೆ ಆಮೇಲೆ ಬರೋದು ಆಮೆ ವೇಗ.

ನಾಲ್ಕು, ನಿಜವಾಗ್ಲೂ ನೆಟ್‌ವರ್ಕ್ ಸ್ಲೋ. ಇದೊಂದಕ್ಕೆ ಮಾತ್ರ 5ಜಿ ಔಷಧಿ ಆಗಬಹುದು. ಅದೂ ನೀವು ನಿಂತ ಜಾಗದಲ್ಲಿ 5ಜಿ ಇದ್ರೆ.

ಹಾಗಾಗಿ ದುಡ್ಡು ತೆಗೆಯೋ ಮೊದಲು, ನಿಮ್ಮದು ಯಾವ ಸ್ಲೋ ಅಂತ ಗೊತ್ತು ಮಾಡ್ಕೊಳ್ಳಿ. ಹಲ್ಲು ನೋವಿಗೆ ಕನ್ನಡಕ ತಗೊಂಡ್ರೆ ಕನ್ನಡಕ ಎಷ್ಟು ಚೆನ್ನಾಗಿದ್ರೂ ಹಲ್ಲು ನೋಯ್ತಾನೇ ಇರುತ್ತೆ.

5/9

ನಿಂತ ಜಾಗದ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ 5ಜಿ ಹೆಚ್ಚಾಗಿ ಓಡೋದು 3300 ಮೆಗಾಹರ್ಟ್ಜ್ ಬ್ಯಾಂಡಲ್ಲಿ, ಫೋನ್ ಡಬ್ಬಿ ಮೇಲೆ ಅದನ್ನ ಎನ್78 ಅಂತ ಬರೆದಿರ್ತಾರೆ. ತರಂಗಾಂತರ ಮೇಲೆ ಹೋದಷ್ಟೂ ಹೆಚ್ಚು ಡೇಟಾ ಹೊರುತ್ತೆ, ಆದ್ರೆ ದೂರ ಹೋಗಲ್ಲ. ಗೋಡೆ, ಮರ, ಗುಡ್ಡ ಅಡ್ಡ ಬಂದ್ರೆ ಸುಸ್ತಾಗುತ್ತೆ. 700 ಮೆಗಾಹರ್ಟ್ಜ್, ಅಂದ್ರೆ ಎನ್28, ದೂರ ಹೋಗುತ್ತೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತೆ, ಆದ್ರೆ ಅಷ್ಟು ವೇಗ ಕೊಡಲ್ಲ. 2022ರ ಹರಾಜಲ್ಲಿ 700 ತಗೊಂಡಿದ್ದು ಜಿಯೋ ಮಾತ್ರ.

ಇದನ್ನ ಮಲೆನಾಡಿಗೆ ತಂದು ನೋಡಿ. ನಮ್ಮೂರು ಹೊಸನಗರ ಕಡೆ. ಒಂದು ಗುಡ್ಡ ದಾಟಿದ್ರೆ ಟವರ್, ಈ ಕಡೆ ಅಡಿಕೆ ತೋಟ, ತೋಟದ ಕೆಳಗೆ ಮನೆ. ದೀಪಾವಳಿ ರಜೆಗೆ 5ಜಿ ಫೋನಿರೋ ಗೆಳೆಯ ಜೊತೆಗೆ ಬಂದಿದ್ದ. ಇಬ್ಬರೂ ದಾರಿಯುದ್ದಕ್ಕೂ ಸ್ಪೀಡ್ ಟೆಸ್ಟ್ ಮಾಡ್ತಾ ಹೋದ್ವಿ. ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ ಅವನದ್ದು 280, ನನ್ನದು 14. ಹಾಸ್ಟೆಲ್ ರೂಮಿನ ಒಳಗೆ ಹಿಂದಿನ ರಾತ್ರಿ ಅವನದ್ದು 60, ನನ್ನದು 6. ನಮ್ಮನೆ ಜಗುಲಿಯಲ್ಲಿ ಅವನದ್ದು 2, ನನ್ನದೂ 2. ಅಡುಗೆಮನೆಯಲ್ಲಿ ಇಬ್ಬರದ್ದೂ ಟೆಸ್ಟೇ ಶುರುವಾಗಲಿಲ್ಲ.

ಹೊಸ ಫೋನ್ ತಗೊಂಡ್ರೆ ಶಿವಮೊಗ್ಗದಲ್ಲಿ ನಾನು ರಾಜ. ಮನೆಯಲ್ಲಿ ಅವನೂ ನಾನೂ ಒಂದೇ.

ನೀವೂ ಹೀಗೇ ಮಾಡಿ. 5ಜಿ ಇರೋ ಗೆಳೆಯರ ಫೋನ್ ಐದು ನಿಮಿಷ ಇಸ್ಕೊಳ್ಳಿ. ನೀವು ಹೆಚ್ಚು ಹೊತ್ತು ಇರೋ ಮೂರು ಜಾಗ, ಮೂರು ಸಮಯ: ಬೆಳಿಗ್ಗೆ, ಸಂಜೆ, ರಾತ್ರಿ ಒಂಬತ್ತು. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಉಚಿತ. ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮದ ಪ್ರಕಾರ ಕಂಪನಿಗಳು ತಮ್ಮ ವೆಬ್‌ಸೈಟಲ್ಲಿ ಕವರೇಜ್ ಮ್ಯಾಪ್ ಹಾಕಬೇಕು, ಅದನ್ನೂ ನೋಡಿ. ಆದ್ರೆ ಮ್ಯಾಪ್ ನಿಮ್ಮ ಅಡುಗೆಮನೆ ತನಕ ಬರಲ್ಲ.

6/9

ಈಗ ಅಕೌಂಟ್ಸ್. ಎರಡನೇ ಸೆಮಿಸ್ಟರಲ್ಲಿ ಬೈದ್ಕೊಂಡು ಓದಿದ ಡಿಪ್ರಿಸಿಯೇಶನ್ ಇಲ್ಲಿ ಕೆಲಸಕ್ಕೆ ಬಂತು.

ಹೊಸ ಫೋನ್ 16,000. ನಾಲ್ಕು ವರ್ಷ ಬಾಳುತ್ತೆ ಅಂತಿಟ್ಕೊಳ್ಳಿ, ಕೊನೆಗೆ 2,000ಕ್ಕೆ ಹೋಗುತ್ತೆ. ಕಳೆದು ಭಾಗಿಸಿದ್ರೆ ವರ್ಷಕ್ಕೆ 3,500 ಸವೆತ. ನನ್ನ ಹಳೇ ಫೋನ್ ಇನ್ನೂ ಒಂದೂವರೆ ವರ್ಷ ಓಡುತ್ತೆ. ಅದನ್ನ ಈಗ್ಲೇ ಬಿಟ್ರೆ ಹೊಸದರ ಒಂದೂವರೆ ವರ್ಷದ ಸವೆತವನ್ನ ನಾನು ಬೇಕು ಅಂತಲೇ ಮೈಮೇಲೆ ಎಳ್ಕೊಂಡ ಹಾಗೆ, 5,250. ಪ್ಲಾನ್ ವ್ಯತ್ಯಾಸ 28 ದಿನಕ್ಕೆ 50 ರೂಪಾಯಿ, ವರ್ಷಕ್ಕೆ 13 ರೀಚಾರ್ಜ್, ಒಂದೂವರೆ ವರ್ಷಕ್ಕೆ 975. ಒಟ್ಟು 6,225.

ಇನ್ನೊಂದು ಕಡೆಯನ್ನೂ ಬರೀಬೇಕಲ್ಲ, ಇಲ್ದಿದ್ರೆ ಬ್ಯಾಲೆನ್ಸ್ ಆಗಲ್ಲ. ಹಳೇ ಫೋನನ್ನ ಈಗ ಕೊಟ್ರೆ 3,500 ಬರುತ್ತೆ, ಒಂದೂವರೆ ವರ್ಷ ಬಿಟ್ಟು ಕೊಟ್ರೆ 1,500 ಬಂದ್ರೆ ಹೆಚ್ಚು. ಅಲ್ಲಿ 2,000 ಲಾಭ. ಕಳೆದ್ರೆ 4,225.

ಅಂದ್ರೆ ಬೇಗ ಹೋಗೋದರ ಬೆಲೆ ನನಗೆ 16,000 ಅಲ್ಲ, 4,225. "ಫೋನಿಗೆ ಹದಿನಾರು ಸಾವಿರ ಯಾಕೆ ದಂಡ" ಅಂತ ಬೈಯೋರೂ ತಪ್ಪು, "ಏನೂ ಖರ್ಚಿಲ್ಲ ತಗೋ" ಅನ್ನೋರೂ ತಪ್ಪು. ನಿಮ್ಮ ಅಂಕಿ ಹಾಕಿ ನಿಮ್ಮ ಬೆಲೆ ಕಂಡ್ಕೊಳ್ಳಿ.

ನೋ ಕಾಸ್ಟ್ ಇಎಂಐ ಬಗ್ಗೆ ಒಂದು ಮಾತು. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿದೆ. ಕಾರ್ಡಲ್ಲಿ ಬಡ್ಡಿಯಷ್ಟನ್ನ ಡಿಸ್ಕೌಂಟ್ ಅಂತ ಮೊದಲೇ ಕಳೆದು ತೋರಿಸ್ತಾರೆ, ಆದ್ರೆ ಆ ಬಡ್ಡಿ ಮೇಲಿನ 18% ಜಿಎಸ್‌ಟಿ ಕಟ್ಟೋದು ನೀವೇ. ಪ್ರೊಸೆಸಿಂಗ್ ಫೀ ಇದ್ರೆ ಅದೂ ನಿಮ್ಮದೇ. ಆ ಸಾಲನ್ನೂ ಹಾಳೆಯಲ್ಲಿ ಸೇರಿಸಿ.

7/9

ಹಾಗಾದ್ರೆ ಯಾರೂ ಬೇಗ ಹೋಗ್ಬಾರ್ದಾ? ಹಾಗಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ. ಒಂದೊಂದು ಫೈಲ್ 4 ಜಿಬಿ. 4ಜಿಯಲ್ಲಿ ಅಪ್‌ಲೋಡ್ 5 ಎಂಬಿಪಿಎಸ್ ಬರ್ತಿದ್ದಾಗ ಒಂದು ಫೈಲ್ ಕಳಿಸೋಕೆ ಒಂದು ಮುಕ್ಕಾಲು ಗಂಟೆ. 5ಜಿಯಲ್ಲಿ 40 ಬರುತ್ತೆ, ಹದಿಮೂರೇ ನಿಮಿಷ. ಮದುವೆ ಸೀಸನ್‌ನಲ್ಲಿ ಅವನಿಗೆ ಆ 4,225 ಒಂದೇ ತಿಂಗಳಲ್ಲಿ ವಾಪಸ್. ಅವನು ಮೊದಲ ವಾರವೇ ತಗೊಂಡಿದ್ದು ಸರಿ. ಒಂದು ರೂಮಲ್ಲಿ ನಾಲ್ಕು ಜನ, ವೈಫೈ ಇಲ್ಲ, ಒಂದು 5ಜಿ ಫೋನಿನ ಹಾಟ್‌ಸ್ಪಾಟಲ್ಲಿ ಎಲ್ಲರೂ ಓದ್ತಾರೆ ಅಂದ್ರೆ ಅದೂ ಸರಿ. ಫೋನ್ ಹೇಗೂ ಕೆಟ್ಟಿದ್ರೆ ಯೋಚನೆಯೇ ಬೇಡ, 5ಜಿಯದ್ದೇ ತಗೊಳ್ಳಿ. ಎನ್28, ಎನ್78 ಎರಡೂ ಇರಲಿ. ಜಿಯೋ 5ಜಿ ಎಸ್‌ಎ ವಿಧಾನದಲ್ಲಿ ಓಡುತ್ತೆ, ಹಾಗಾಗಿ ಎಸ್‌ಎ ಮತ್ತು ಎನ್‌ಎಸ್‌ಎ ಎರಡೂ ಇದ್ಯಾ ನೋಡಿ.

ಮಾರ್ಕೆಟಿಂಗ್ ಪೇಪರಲ್ಲಿ ಎವರೆಟ್ ರೋಜರ್ಸ್ ಓದಿದೀವಲ್ಲ. 1962ರಲ್ಲಿ ಅವರು ಹೊಸದನ್ನ ತಗೊಳ್ಳೋರನ್ನ ಐದು ಗುಂಪು ಮಾಡಿದ್ರು: 2.5%, 13.5%, 34%, 34%, 16%. ಕೊನೆಯ 16 ಶೇಕಡಾಗೆ ಇಟ್ಟ ಹೆಸರು ಲ್ಯಾಗಾರ್ಡ್ಸ್, ಹಿಂದೆ ಬಿದ್ದವರು. ಹೊಸದೆಲ್ಲ ಒಳ್ಳೇದೇ, ಎಲ್ಲರೂ ತಗೊಳ್ಳಲೇಬೇಕು ಅಂತ ಅಂದ್ಕೊಳ್ಳೋದು ಈ ವಿಷಯದ ಅಧ್ಯಯನದಲ್ಲೇ ಇರೋ ಒಂದು ಪಕ್ಷಪಾತ ಅಂತ ರೋಜರ್ಸ್ ಆಮೇಲೆ ತಾವೇ ಬರೆದ್ರು. ಪರೀಕ್ಷೆಯಲ್ಲಿ ಈ ಭಾಗ ಕೇಳಲ್ಲ, ಜೀವನದಲ್ಲಿ ಕೇಳುತ್ತೆ.

ಇತಿಹಾಸನೂ ನೋಡಿ. ಏರ್‌ಟೆಲ್ 4ಜಿ ಬೆಂಗಳೂರಿಗೆ ಬಂದಿದ್ದು 2012ರ ಮೇ ತಿಂಗಳಲ್ಲಿ, ಕೋಲ್ಕತ್ತಾ ಬಿಟ್ರೆ ದೇಶದಲ್ಲಿ ಎರಡನೇ ನಗರ. ಆಗ ಡಾಂಗಲ್ ಹಾಕ್ಕೊಂಡು ಓಡಿಸಬೇಕಿತ್ತು. ನಮ್ಮಂಥವರ ಮನೆಗೆ 4ಜಿ ಬಂದಿದ್ದು 2016ರ ಸೆಪ್ಟೆಂಬರಲ್ಲಿ ಜಿಯೋ ಶುರುವಾದ ಮೇಲೆ. ನಾಲ್ಕು ವರ್ಷ ಕಾದವರು ಏನೂ ಕಳ್ಕೊಳ್ಳಲಿಲ್ಲ. ಹಾಗಂತ ಕೊನೇವರೆಗೂ ಕೂತಿರೋಕೂ ಆಗಲ್ಲ, ಏರ್‌ಟೆಲ್ 2020ರ ಹೊತ್ತಿಗೆ 3ಜಿಯನ್ನೇ ಮುಚ್ಚಿತು.

8/9

ನನ್ನ 16,000 ಏನಾಯ್ತು? ಹೇಳ್ತೀನಿ.

ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಸೈನ್ಸ್. ಸಿಇಟಿ ಬರೀಬೇಕು. ರಿವಿಜನ್ ಕ್ಲಾಸ್ ಎಲ್ಲ ವಿಡಿಯೋದಲ್ಲಿ. ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಬೇಕು. 2021ರಲ್ಲಿ ಸುಳ್ಯ ಕಡೆಯ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತು, ನೆನಪಿದ್ಯಾ? ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಆನ್‌ಲೈನ್ ಕ್ಲಾಸ್ ಕೇಳ್ತಿದ್ಲು, ಅಪ್ಪ ಕೊಡೆ ಹಿಡಿದು ನಿಂತಿದ್ರು. ನೀವು ಅದನ್ನ ಶೇರ್ ಮಾಡಿರ್ತೀರಿ. ನಮ್ಮ ಕಡೆ ಅದು ಸುದ್ದಿ ಅಲ್ಲ, ದಿನಚರಿ.

ತಂಗಿಗೆ ಕೇಳಿದೆ, "ನಾನು ಹೊಸ ಫೋನ್ ತಗೊಂಡ್ರೆ ನನ್ನ ಹಳೇದು ನಿಂಗೆ, ಆಗಬಹುದಾ?" ಅವಳು ಹೇಳಿದ್ದು ಇಷ್ಟೇ: "ಫೋನ್ ಬ್ಯಾಡ ಅಣ್ಣ, ಗುಡ್ಡ ಹತ್ತೋದು ತಪ್ಪಿದ್ರೆ ಸಾಕು."

ಪಂಚಾಯ್ತಿ ಆಫೀಸ್ ತನಕ ಫೈಬರ್ ಬಂದಿದೆ. ಅಲ್ಲಿಂದ ಮನೆಗಳಿಗೆ ಕೇಬಲ್ ಟಿವಿಯವರೊಬ್ಬರು ಲೈನ್ ಎಳೀತಾರೆ. ಮೋಡೆಮ್, ವೈರ್, ಕೂಲಿ ಸೇರಿ 5,400. ಕರೆಂಟ್ ಹೋದ್ರೂ ಓಡಬೇಕಲ್ಲ, ಮೋಡೆಮ್‌ಗೆ ಸಣ್ಣ ಯುಪಿಎಸ್ 1,300. ತಿಂಗಳಿಗೆ 450ರ ಹಾಗೆ ಒಂದು ವರ್ಷಕ್ಕೆ 5,400. ಒಟ್ಟು 12,100. ನನ್ನ ಫೋನಿನ ಬ್ಯಾಟರಿ ಬದಲಾಯಿಸೋಕೆ 1,100. ಉಳಿದಿದ್ದು 2,800.

ಈಗ ಮನೆಯೊಳಗೆ 30 ಎಂಬಿಪಿಎಸ್ ಬರುತ್ತೆ. ಬಸ್ ಸ್ಟ್ಯಾಂಡಿನ 280ರ ಮುಂದೆ ಏನೂ ಅಲ್ಲ. ಆದ್ರೆ ಸೊನ್ನೆಯಿಂದ 30ಕ್ಕೆ ಹೋಗೋದೂ, 14ರಿಂದ 280ಕ್ಕೆ ಹೋಗೋದೂ ಒಂದೇ ಅಲ್ಲ. ಇನ್ನೊಂದು ಲಾಭ ಸಿಕ್ತು. ಫೋನ್ ಸೆಟ್ಟಿಂಗ್ಸಲ್ಲಿ ವೈಫೈ ಕಾಲಿಂಗ್ ಅಂತಿರುತ್ತೆ, ಎಷ್ಟೋ 4ಜಿ ಫೋನಲ್ಲೂ ಇದೆ. ಅದನ್ನ ಆನ್ ಮಾಡಿದ್ರೆ ಸಿಗ್ನಲ್ ಇಲ್ಲದ ಕಡೆಯೂ ವೈಫೈ ಮೇಲೆ ಮಾಮೂಲಿ ಕಾಲ್ ಹೋಗುತ್ತೆ. ಮೊನ್ನೆ ಅಪ್ಪಯ್ಯ ಫೋನ್ ಮಾಡಿ ಮೊದಲು ಹೇಳಿದ್ದೇ "ಹೋಯ್, ಒಳಗೆ ಕೂತ್ಕೊಂಡೇ ಮಾತಾಡ್ತಾ ಇದೀನಿ" ಅಂತ. ಅಡಿಕೆ ರೇಟ್, ಊಟ ಆಯ್ತಾ, ಎಲ್ಲ ಆಮೇಲೆ.

9/9

ಎಲ್ಲ ಸುಖವಾಗಿದೆ ಅಂತ ಅಲ್ಲ. ಜೋರು ಮಳೆಗೆ ಮರ ಬಿದ್ದು ಲೈನ್ ತುಂಡಾದಾಗ ನಾಲ್ಕು ದಿನ ಇಂಟರ್ನೆಟ್ ಇರಲಿಲ್ಲ, ತಂಗಿ ಮತ್ತೆ ಗುಡ್ಡ ಹತ್ತಿದ್ಲು. ಹಾಸ್ಟೆಲಲ್ಲಿ ರಾತ್ರಿ ಒಂಬತ್ತಕ್ಕೆ ನನ್ನ 4ಜಿ ಈಗಲೂ ತೆವಳುತ್ತೆ, ಪಕ್ಕದವನ ಹಾಟ್‌ಸ್ಪಾಟ್ ಕೇಳಬೇಕು, ಅವನು ಪ್ರತೀ ಸಲ ಒಂದು ಡೈಲಾಗ್ ಹೊಡೆದೇ ಕೊಡ್ತಾನೆ. ಒಂದನ್ನ ಆರಿಸಿದ್ರೆ ಇನ್ನೊಂದು ಬಿಡಬೇಕು. ಆಪರ್ಚುನಿಟಿ ಕಾಸ್ಟ್ ಅಂತ ಪುಸ್ತಕದಲ್ಲಿ ಎರಡು ಸಾಲಲ್ಲಿ ಬರೆದಿರ್ತಾರೆ, ಅನುಭವಿಸೋಕೆ ಎಂಟು ತಿಂಗಳ ದುಡ್ಡು ಬೇಕು.

ನೀವೂ ಫೈಬರೇ ಹಾಕಿಸಿ ಅಂತ ನಾನು ಹೇಳ್ತಿಲ್ಲ. ನಿಮ್ಮನೆ ಪಿಜಿ ಪಕ್ಕದಲ್ಲೇ ಟವರ್ ಇದ್ದು, ಕೆಲಸಕ್ಕೆ ಅಪ್‌ಲೋಡ್ ಬೇಕಿದ್ರೆ ನಾಳೆಯೇ 5ಜಿ ಫೋನ್ ತಗೊಳ್ಳಿ. ನಾನು ಹೇಳೋದು ಒಂದೇ. ನಿಮಗೂ ನಿಮ್ಮ ಕೆಲಸಕ್ಕೂ ನಡುವೆ ಇರೋ ಕೊಂಡಿಗಳಲ್ಲಿ ಅತೀ ನಿಧಾನ ಯಾವುದು ಅಂತ ಹುಡುಕಿ, ದುಡ್ಡನ್ನ ಅಲ್ಲಿಗೆ ಹಾಕಿ. ಅದು ಫೋನ್ ಆಗಿರಬಹುದು, ಪ್ಲಾನ್ ಆಗಿರಬಹುದು, ಬ್ಯಾಟರಿ ಆಗಿರಬಹುದು. ಕೆಲವು ಸಲ ಅದು ನಿಮ್ಮ ಕೈಯಲ್ಲಿರೋ ಫೋನಿನ ಹತ್ರವೇ ಇರಲ್ಲ, ನೂರು ಕಿಲೋಮೀಟರ್ ದೂರದ ಅಡುಗೆಮನೆಯಲ್ಲಿರುತ್ತೆ.

ಕೊನೆಗೆ ಎರಡು ಎಚ್ಚರಿಕೆ. 5ಜಿಗೆ ಹೊಸ ಸಿಮ್ ಬೇಕಾಗಿಲ್ಲ, ಜಿಯೋ, ಏರ್‌ಟೆಲ್ ಎರಡರಲ್ಲೂ 4ಜಿ ಸಿಮ್ಮೇ ನಡೆಯುತ್ತೆ. "ಸಿಮ್ ಅಪ್‌ಗ್ರೇಡ್ ಮಾಡ್ತೀವಿ, ಒಟಿಪಿ ಹೇಳಿ" ಅಂತ ಯಾರಾದ್ರೂ ಕರೆದ್ರೆ ಕಟ್ ಮಾಡಿ, ಮನೆಯಲ್ಲಿ ಅಮ್ಮನಿಗೂ ಹೇಳಿಡಿ. ಎರಡನೇದು, ನಿಮ್ಮ ಜಾಗದಲ್ಲಿ ಬೇರೆ ಕಂಪನಿ ಚೆನ್ನಾಗಿದ್ರೆ ಫೋನ್ ಬದಲಾಯಿಸೋ ಮೊದಲು ನಂಬರ್ ಪೋರ್ಟ್ ಮಾಡಿ ನೋಡಿ. ಪೋರ್ಟ್ ಅಂತ ಬರೆದು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿದ್ರೆ ಕೋಡ್ ಬರುತ್ತೆ. ಹದಿನಾರು ಸಾವಿರದ ಕೆಲಸ ಕೆಲವು ಸಲ ಅದರಲ್ಲೇ ಮುಗಿಯುತ್ತೆ.

ಈಗ ನಿಮ್ಮ ಸರದಿ. ನಿಮ್ಮ ಊರು, ಮನೆಯೊಳಗಿನ ಜಾಗ, ಸಮಯ, ಬಂದ ಸ್ಪೀಡ್, ಇಷ್ಟನ್ನ ಕಾಮೆಂಟ್ ಹಾಕಿ. ಸೊನ್ನೆ ಬಂದ್ರೂ ಹಾಕಿ, ಸೊನ್ನೆಯೂ ಅಂಕಿಯೇ. ಐವತ್ತು ಸೇರಿದ್ರೆ ತಾಲ್ಲೂಕುವಾರು ಪಟ್ಟಿ ಮಾಡಿ ಮುಂದಿನ ಭಾನುವಾರ ಪೋಸ್ಟ್ ಮಾಡ್ತೀನಿ.

#ಬಿಕಾಂಲೆಕ್ಕ #5ಜಿಬೇಕಾ #ಮಲೆನಾಡು #ಕನ್ನಡದಲ್ಲಿಓದಿ